ಹೊಟ್ಟೆ ತುಂಬಿದ ಮೀನು

ಮುದ್ದೇಬಿಹಾಳ

ತಾರು ಬಂದಾಗ ನಾನು ಶೇಂಗಾ ಹಿಂಡಿ ಕುಟ್ಟುತ್ತಿದ್ದೆ. ಹುರಿದು ಸಿಪ್ಪೆ ತೆಗೆದ ಶೇಂಗಾ ಒರಳಿನಲ್ಲಿ ಅರ್ಧ ಪುಡಿಯಾಗಿತ್ತು. ಖಾರ ಬಿದ್ದಿತ್ತು, ಬಳ್ಳೊಳ್ಳಿ ಇನ್ನೂ ಬಿದ್ದಿರಲಿಲ್ಲ. ಟಪಾಲಿನ ಹುಸೇನಸಾಬರು ಸೈಕಲ್ಲನ್ನು ಕಟ್ಟೆಗೆ ಒರಗಿಸಿ, "ಅಕ್ಕಾರ, ವಿಲಾಯತಿಯಿಂದ ತಾರ ಬಂದೈತ್ರಿ" ಎಂದರು.

ನಮ್ಮ ಓಣಿಯಲ್ಲಿ ತಾರು ಬಂತೆಂದರೆ ಸಾವು ಬಂತೆಂದೇ ಅರ್ಥ. ನಾನು ಒನಕೆ ಹಿಡಿದುಕೊಂಡೇ ಕುಳಿತುಬಿಟ್ಟೆ. ಎದುರು ಮನೆಯ ಗಂಗವ್ವ ಅಳುವುದಕ್ಕೆ ತಯಾರಾಗಿ ಸೆರಗನ್ನು ಬಾಯಿಗಿಟ್ಟುಕೊಂಡು ಹೊರಗೆ ಬಂದಳು.

"ತಡೀರಿ, ಓದೂತನಕರೆ ತಡೀರಿ," ಎಂದು ಸಾಬರು ಅವಳಿಗೇ ಹೇಳಿದರು. ಆಮೇಲೆ ಓದಿದರು. "ನಿಮ್ಮ ಶಾಂತಾ ಬಸುರಿ ಅದಾಳಂತ್ರಿ. ನೀವು ಬರಬೇಕಂತ. ಹಡಗದ ಟಿಕೀಟ ಅಳಿಯಾ ತೆಗಿಸ್ಯಾನಂತ."

ಗಂಗವ್ವ ಸೆರಗು ಬಿಟ್ಟಳು. ಅವಳ ಮುಖದಲ್ಲಿ ಸಂತೋಷವಿತ್ತು, ಸ್ವಲ್ಪ ನಿರಾಶೆಯೂ ಇತ್ತು.

ಚೊಚ್ಚಲ ಬಾಣಂತನ ತವರಿನದು. ಮಗಳು ತವರಿಗೆ ಬರಲಾಗದಿದ್ದರೆ ತವರೇ ಹೋಗಬೇಕು; ನಡುವೆ ಸಮುದ್ರ ಬಂದಿದ್ದು ಸಮುದ್ರದ ತಪ್ಪು. ನಮ್ಮನೆಯವರು ಕಿರಾಣಿ ಅಂಗಡಿಯ ಗಲ್ಲೆಯಿಂದ ಏಳದೆ ಸುದ್ದಿ ಕೇಳಿದರು. "ನಾ ಬಂದ್ರ ಅಂಗಡಿ ಯಾರ ನೋಡ್ತಾರ?" ಎಂದರು.

"ನಿಮ್ಮನ್ನ ಕರದವರ ಯಾರು? ತಾರಿನಾಗ ನಿಮ್ಮ ಹೆಸರ ಇಲ್ಲ," ಎಂದೆ.

ಕಾಗದಪತ್ರ ಮಾಡಿಸಿದ ಕಥೆ ಹೇಳಿ ನಿಮ್ಮನ್ನು ದಣಿಸುವುದಿಲ್ಲ. ನಾನು ಕಟ್ಟಿಕೊಂಡಿದ್ದು ಇಷ್ಟು: ಒಂದು ಟ್ರಂಕಿನ ತುಂಬ ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ, ಬಾಣಂತಿಗೆ ಅಂಟು, ಅಳ್ವಿ, ಒಣಕೊಬ್ಬರಿ, ಪೂಜೆಗೆ ವಿಭೂತಿ ಗಟ್ಟಿ. ಕೊರಳಲ್ಲಿ ಲಿಂಗ ಇದ್ದೇ ಇತ್ತು.

ಲಚ್ಯಾಣ ದಾಟಿದ ಮೇಲೆ

ರೈಲು ಲಚ್ಯಾಣ ದಾಟುವಾಗ ಅಲ್ಲಿನ ಮಠದ ದಿಕ್ಕಿಗೆ ಕೈ ಮುಗಿದೆ. ಅಲ್ಲಿಯವರೆಗೆ ಯಾವ ಕಡೆಗೆ ಕೈ ಮುಗಿಯಬೇಕೆಂದು ನನಗೆ ಗೊತ್ತಿತ್ತು. ಮುಂಬಯಿಯಲ್ಲಿ ಹಡಗು ಹತ್ತಿದ ಮೇಲೆ ಅದೂ ತಪ್ಪಿತು.

ಹಡಗಿನಲ್ಲಿ ನನ್ನ ಖೋಲಿಯಲ್ಲಿದ್ದವಳು ಸಿಂದಗಿಯ ಮೆಹಬೂಬಬಿ, ಗಂಡನ ಹತ್ತಿರ ಹೊರಟಿದ್ದಳು. ಬೇರೆ ಯಾರಾದರೂ ಇದ್ದಿದ್ದರೆ ನನ್ನ ಬಾಯಿಗೆ ಬೀಗ ಬೀಳುತ್ತಿತ್ತು. ಇದು ಶಿವನ ಮೊದಲ ದಯೆ. ಅವಳಿಗೆ ನಮಾಜಿಗೆ ಪಶ್ಚಿಮ ಬೇಕು, ನನಗೆ ಪೂಜೆಗೆ ಪೂರ್ವ ಬೇಕು. ಇಬ್ಬರೂ ಹೋಗಿ ಬಿಳಿ ಅಂಗಿಯ ಸಾಹೇಬನೊಬ್ಬನನ್ನು ಸನ್ನೆಯಿಂದ ಕೇಳುತ್ತಿದ್ದೆವು. ಅವನು ದಿನಕ್ಕೊಂದು ಕಡೆ ಬೆರಳು ತೋರಿಸುತ್ತಿದ್ದ.

"ಅಕ್ಕಾರ, ಇವನ ಮಾತಿನ ಮ್ಯಾಲೆ ಭರೋಸಾ ಇಲ್ರಿ," ಎಂದಳು ಮೆಹಬೂಬಬಿ. "ನಿನ್ನೆ ಮಕ್ಕಾ ಅಡಗಿಮನಿ ಕಡೆ ಇತ್ತು. ಇವತ್ತ ಪಾಯಖಾನಿ ಕಡೆ ಐತಿ ಅಂತಾನ."

ಹಡಗು ತಿರುಗುತ್ತಿದೆ ಎಂದು ನಮಗೆ ಹೊಳೆಯುವ ಹೊತ್ತಿಗೆ ಏಡನ್ ಬಂದಿತ್ತು. ಹಡಗಿನ ಅಡುಗೆಯಲ್ಲಿ ಯಾವುದರಲ್ಲಿ ಏನಿದೆಯೋ ತಿಳಿಯದೆ ಇಬ್ಬರೂ ನನ್ನ ಟ್ರಂಕಿನ ಮೇಲೇ ದಿನ ಕಳೆದೆವು. ಸಮುದ್ರ ಹೊಟ್ಟೆ ತೊಳಸಿದ ದಿನ ಅವಳು ನನ್ನ ತಲೆ ಹಿಡಿದಳು, ಮರುದಿನ ನಾನು ಅವಳದನ್ನು ಹಿಡಿದೆ. ಇಬ್ಬರಿಗೂ ಒಂದೇ ದಿನ ಬರಲಿಲ್ಲ. ಇದು ಇನ್ನೊಂದು ದಯೆ.

ಇಂಗ್ಲೆಂಡಿನ ಬಂದರಿನಲ್ಲಿ ಸುಂಕದವನು ನನ್ನ ಟ್ರಂಕು ತೆರೆದು ಒಂದು ರೊಟ್ಟಿ ಎತ್ತಿದ. ಬೆರಳಿನಿಂದ ತಟ್ಟಿದ. ಅದು ಟಣ್ ಎಂದಿತು. ಕರೆದೊಯ್ಯಲು ಬಂದಿದ್ದ ಅಳಿಯ ಬಸವರಾಜ, ಇದು ತಿನ್ನುವ ಪದಾರ್ಥ ಎಂದು ಇಂಗ್ಲಿಷಿನಲ್ಲಿ ಹೇಳಿದ. ಸುಂಕದವನು ಮತ್ತೊಮ್ಮೆ ತಟ್ಟಿ, ನನ್ನ ಹಲ್ಲುಗಳನ್ನು ನೋಡಿ, ಟ್ರಂಕು ಮುಚ್ಚಿದ.

ಶಾಂತಾಳ ಮನೆ

ಅಳಿಯ ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ಡಾಕ್ಟರ. ಮನೆ ಎಂದರೆ ಮಾಳಿಗೆಯ ಎರಡು ಖೋಲಿ. ಕೆಳಗೆ ಮನೆಯ ಯಜಮಾನ ಪರ್ಕಿನ್ಸ್ ಒಬ್ಬನೇ ಇದ್ದ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಉದ್ದನೆಯ ಮುಖ, ಅದಕ್ಕಿಂತ ಉದ್ದನೆಯ ಮೌನ. ನಾನು ಮೊದಲ ದಿನವೇ ಅವನನ್ನು, ನಮ್ಮ ಕಡೆ ಅಜ್ಜನಿಗೆ ಅನ್ನುವಂತೆ, ಮುತ್ಯಾ ಎಂದು ಕರೆದೆ. ಹೆಸರಿಗೆ ಅವನು ತಿರುಗಿ ನೋಡಿದ್ದರಿಂದ ಅದನ್ನೇ ಮುಂದುವರಿಸಿದೆ.

ಅಲ್ಲಿ ನಲ್ಲಿಯಿಂದ ಬಿಸಿನೀರು ಬರುತ್ತದೆ. ಒಲೆ ಊದಬೇಕಾಗಿಲ್ಲ. ಇಷ್ಟು ಸುಖ ಇದ್ದ ಮನೆಯಲ್ಲಿ ಮಗಳ ಮುಖ ಯಾಕೆ ಬಾಡಿದೆ ಎಂದು ಯೋಚಿಸಿದೆ. ತೊಟ್ಟಿಲು ಎಲ್ಲಿ ಕಟ್ಟೋಣ ಎಂದು ಮಾಳಿಗೆಯ ತೊಲೆ ನೋಡುತ್ತಿದ್ದಾಗ ಅವಳು ಬಾಯಿ ಬಿಟ್ಟಳು.

"ತೊಲಿ ನೋಡಬ್ಯಾಡವ್ವಾ. ಕೂಸು ಹುಟ್ಟಿದ ಮ್ಯಾಲೆ ಈ ಮನಿ ನಮಗಿಲ್ಲ."

"ಯಾಕ?"

"ಬಾಡಿಗಿ ಕೊಡುವಾಗನ ಹೇಳ್ಯಾನ, ಕೂಸು ಇರಬಾರದಂತ. ನಾವೂ ಹೂಂ ಅಂದೇವಿ. ಬ್ಯಾರೆ ಮನಿ ಕೇಳಾಕ ಹೋದ್ರ ಬಣ್ಣ ನೋಡಿ ಕದಾ ಮುಚ್ಚತಾರ. ಇಂವ ಒಬ್ಬನ ಒಳಗ ಕರಕೊಂಡಾವ."

ಆಸ್ಪತ್ರೆಯವರು ಕೊಡುವ ಖೋಲಿ ಒಂಟಿ ಗಂಡಸರಿಗಂತೆ. ಕೂಸು ಬರುವುದು ಚಳಿ ಹಿಡಿಯುವ ಹೊತ್ತಿಗೆ. ನಾನು ತೊಲೆ ನೋಡುವುದನ್ನು ಬಿಟ್ಟು ಕೆಳಗೆ ನೋಡಿದೆ. ಅಂಗಳದಲ್ಲಿ ಅಳಿಯ ಮುತ್ಯಾನ ಕೋಲು, ಕುರ್ಚಿ, ಬಲೆ, ಚೀಲಗಳನ್ನು ಹೊತ್ತು ಕಾರಿಗೆ ಇಡುತ್ತಿದ್ದ. ನಮ್ಮ ಮನೆಗೆ ಬಂದಾಗ ತನ್ನ ತಂಬಿಗೆ ತಾನು ಎತ್ತಿದವನಲ್ಲ.

"ಮುತ್ಯಾನ ಮನಸ್ಸು ಕರಗಲಿ ಅಂತ ಐತವಾರಕ್ಕೊಮ್ಮೆ ಹಮಾಲಿ ಮಾಡ್ತಾರ," ಎಂದಳು ಶಾಂತಾ.

"ಕರಗ್ಯಾನೇನು?"

"ಭಾರ ಜಾಸ್ತಿ ಮಾಡ್ಯಾನ."

ಕೆರೆ

ಆ ಭಾನುವಾರ ನಾವೆಲ್ಲ ಹೋದೆವು. ಕೆರೆ ಯಾರೋ ದೊಡ್ಡ ಜಮೀನುದಾರನ ತೋಟದೊಳಗಿತ್ತು. ಅವನ ಹಿರಿಯರು ದೂರದ ದೇಶದಿಂದ ಮೀಸೆ ಮೀನುಗಳನ್ನು ತಂದು ಅದರಲ್ಲಿ ಬಿಟ್ಟಿದ್ದರಂತೆ. ಅವು ಅಲ್ಲೇ ಬೆಳೆದು ಸಂಸಾರ ಹೂಡಿದ್ದವು.

"ಅವಕ್ಕ ಯಾರೂ ಮನಿ ಬಿಡು ಅಂದಿಲ್ಲೇನು?" ಎಂದೆ. ಶಾಂತಾ ಇದನ್ನು ಇಂಗ್ಲಿಷಿಗೆ ದಾಟಿಸಲಿಲ್ಲ.

ಮುತ್ಯಾ ಕುರ್ಚಿ ಹಾಕಿ ಗಾಳ ಎಸೆದು ಕುಳಿತ. ಗಾಳಕ್ಕೆ ಅವನು ಏನು ಚುಚ್ಚಿದನೆಂದು ಬರೆಯಲಾರೆ. ಅವರ ಮೀನು ಹಿಡಿಯುವಿಕೆ ಎಂದರೆ ಹೆಚ್ಚಿನಂಶ ಕುಳಿತಿರುವುದೇ. ನಮ್ಮಲ್ಲಿ ಇಷ್ಟು ಹೊತ್ತು ಅಲುಗಾಡದೆ ಕುಳಿತವನ ಮುಂದೆ ಜನ ಕಾಯಿ ಒಡೆಯುತ್ತಾರೆ. ಮಧ್ಯಾಹ್ನ ಒಂದು ಮೊಳದುದ್ದದ ಮೀಸೆ ಮೀನು ಸಿಕ್ಕಿತು. ಅವನು ಅದರ ಬಾಯಿಂದ ಗಾಳ ಬಿಡಿಸಿದ, ನೋಡಿದ, ತಿರುಗಿ ನೀರಿಗೆ ಬಿಟ್ಟ.

ನನಗೆ ಸಿಟ್ಟು ಬಂತು. ನಮ್ಮ ಕಡೆ ತಂಗಡಗಿಯ ಹೊಳೆಯಲ್ಲಿ ಅಂಬಿಗರು ಮೀನು ಹಿಡಿಯುತ್ತಾರೆ. ಅವರ ಮಕ್ಕಳಿಗೆ ಅದು ಊಟ. ಹೊಟ್ಟೆಗಾಗಿ ಮಾಡಿದ್ದನ್ನು ಶಿವ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದು ಯಾವ ಲೆಕ್ಕ?

"ಕೇಳ ಶಾಂತಾ, ತಿನ್ನಾವಲ್ಲ, ಮಾರಾವಲ್ಲ. ಮತ್ತ ಅದರ ಬಾಯಿ ಯಾಕ ಹರೀತಾನ?"

ಶಾಂತಾ ಮೆತ್ತಗೆ ಮಾಡಿಯೇ ಕೇಳಿರಬೇಕು. ಮುತ್ಯಾ ನೀರು ನೋಡುತ್ತಲೇ ಉತ್ತರ ಕೊಟ್ಟ.

"ಅದು ಐತೋ ಇಲ್ಲೋ ನೋಡಾಕಂತ."

"ನಮ್ಮೂರಾಗೂ ದೇವರದಾನೋ ಇಲ್ಲೋ ಅಂತ ಅನುಮಾನ ಇದ್ದವರದಾರ. ಅವರ್ಯಾರೂ ಗಾಳ ಹಾಕಿಲ್ಲ ಅಂತ ಹೇಳು."

ಇದನ್ನು ಅವಳು ದಾಟಿಸಿದಳು. ಮುತ್ಯಾ ದಾರ ಸ್ವಲ್ಪ ಸುತ್ತಿಕೊಂಡು ಏನೋ ಹೇಳಿದ.

"ಅದಕ್ಕ ಅವರಿಗೆ ಸಿಕ್ಕಿಲ್ಲಂತ."

ಆಮೇಲೆ, ಕೇಳದೆಯೇ, ಒಂದು ಸಂಗತಿ ಹೇಳಿದ. ಆ ಕೆರೆಯಲ್ಲಿ ಒಂದು ಬಹಳ ದೊಡ್ಡ ಮೀನಿದೆ. ಹಿಂದೊಮ್ಮೆ ಗಾಳಕ್ಕೆ ಬಿದ್ದು ದಂಡೆಯವರೆಗೆ ಬಂದು ದಾರ ಹರಿದುಕೊಂಡು ಹೋಗಿತ್ತು. ಕಂಡವರು ಅವನು ಮತ್ತು ಅವನ ಹೆಂಡತಿ. ಅವನ ಮೀನುಗಾರರ ಸಂಘದವರು ಅವನನ್ನು ನಂಬಲಿಲ್ಲ, ಅವಳನ್ನು ನಂಬಿದ್ದರು. ಈಗ ಅವಳಿಲ್ಲ. ಹೊಸಬರು ಬಂದಿದ್ದಾರೆ, ಆ ಮೀನಿನ ಮಾತು ತೆಗೆದರೆ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ.

ಅಷ್ಟು ಹೇಳಿ ಅವನು ಗಾಳವನ್ನು ಮತ್ತೆ ನೀರಿಗೆ ಎಸೆದ.

ಅದೇ ಕೆರೆ, ಮತ್ತೊಂದು ಭಾನುವಾರ

ನನ್ನ ತವರು ಗೊಳಸಂಗಿ. ಚಿಕ್ಕವಳಿದ್ದಾಗ ವರ್ಷಕ್ಕೊಮ್ಮೆ ಅವ್ವನ ಜೊತೆ ತಂಗಡಗಿಗೆ ಹೋಗಿ ಹೊಳೆಯಲ್ಲಿ ಮಿಂದು ಬರುತ್ತಿದ್ದೆವು. ಅವ್ವ ಒದ್ದೆ ಸೀರೆಯಲ್ಲೇ ನಿಂತು ಮೀನುಗಳಿಗೆ ಚುರುಮುರಿ ಹಾಕುತ್ತಿದ್ದಳು. "ಹೊಟ್ಟಿ ತುಂಬಿದ ಮೀನು ಗಾಳಕ್ಕ ಬಾಯಿ ಹಾಕಂಗಿಲ್ಲ" ಎನ್ನುತ್ತಿದ್ದಳು. ಇದನ್ನು ನಾನು ಯಾವತ್ತೂ ಅನುಮಾನಿಸಿರಲಿಲ್ಲ.

ಆ ದೊಡ್ಡ ಮೀನಿನ ಬಾಯಿ ಉಳಿಸಬೇಕೆಂದು ಮನಸ್ಸಿಗೆ ಬಂತು. ಮನೆ ಹೋಗುವುದಂತೂ ಹೋಗುತ್ತದೆ, ಪುಣ್ಯವಾದರೂ ಬರಲಿ, ಅದು ಕೂಸಿಗೆ ಹತ್ತಲಿ. ಚುರುಮುರಿ ಅಲ್ಲಿ ಸಿಗಲಿಲ್ಲ. ಟ್ರಂಕಿನ ತಳದ ರೊಟ್ಟಿ ಚೂರುಗಳನ್ನು ನೀರಲ್ಲಿ ನೆನೆಸಿ, ರುಚಿ ಬರಲೆಂದು ಶೇಂಗಾ ಹಿಂಡಿ ಕಲಸಿ, ಬಳ್ಳೊಳ್ಳಿ ಜಜ್ಜಿ ಹಾಕಿ, ಉಂಡೆ ಕಟ್ಟಿದೆ. ದೇವರ ಹೆಸರಿನಲ್ಲಿ ಹಾಕುವುದು ಸಪ್ಪೆ ಇರಬಾರದು.

ಆ ದಿನ ಮೋಡ ಕವಿದಿತ್ತು. ದೂರದಲ್ಲಿ ಗುಡುಗು ಉರುಳುತ್ತಿತ್ತು. ಮುತ್ಯಾ ಸಾಮಾನು ಬಿಚ್ಚುತ್ತಿದ್ದಾಗ ನಾನು ಅವನಿಂದ ದೂರ ಹೋಗಿ, ಒಂದು ಬಾಗಿದ ಮರದ ಕೆಳಗೆ ನಿಂತು, "ಓಂ ನಮಃ ಶಿವಾಯ" ಎನ್ನುತ್ತ ಒಂದೊಂದೇ ಉಂಡೆ ನೀರಿಗೆ ಹಾಕಿದೆ. ಡಬ್ಬಿ ಖಾಲಿಯಾಯಿತು. ತಿರುಗಿ ನೋಡಿದರೆ ಮುತ್ಯಾ ನನ್ನನ್ನೇ ನೋಡುತ್ತಿದ್ದ. ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. ಬಂದು ಖಾಲಿ ಡಬ್ಬಿಯ ವಾಸನೆ ನೋಡಿದ. ಕುರ್ಚಿ ಎತ್ತಿಕೊಂಡು ಬಂದು ನನ್ನ ಮರದ ಕೆಳಗೇ ಹಾಕಿಕೊಂಡ.

ಭಕ್ತಿ ಅಂಟಿಕೊಳ್ಳುವ ರೋಗ, ನೋಡಿ ನೋಡಿಯೇ ಬರುತ್ತದೆ ಎಂದು ನನಗೆ ಸಂತೋಷವಾಯಿತು.

ಸಂಜೆಯ ಹೊತ್ತಿಗೆ ಅವನ ಕೋಲು ಬಾಗಿತು. ಎದ್ದು ನಿಂತ. ಕೋಲು ಇನ್ನೂ ಬಾಗಿತು. ಆಮೇಲೆ ಬಹಳ ಹೊತ್ತು ಮುತ್ಯಾ ಎಳೆಯುವುದು, ಅದು ಎಳೆಯುವುದು. ಅಳಿಯ ಆಸ್ಪತ್ರೆಗೆ ಹಾಕಿಕೊಳ್ಳುವ ಬೂಟಿನಲ್ಲೇ ಮೊಣಕಾಲತನಕ ನೀರಿಗಿಳಿದ. ಬಲೆಯಲ್ಲಿ ಅದರ ತಲೆ ಮಾತ್ರ ಹಿಡಿಸಿತು. ಇಬ್ಬರೂ ತಬ್ಬಿಕೊಂಡು ಎತ್ತಿ ತಂದು ಒದ್ದೆ ಗೋಣಿಚೀಲದ ಮೇಲೆ ಮಲಗಿಸಿದರು. ಆರೇಳು ವರ್ಷದ ಮಗುವಿನಷ್ಟು ಉದ್ದ. ಅಗಲ ತಲೆ, ಸಣ್ಣ ಕಣ್ಣು, ಬೆರಳಿನಂತೆ ಅಲುಗಾಡುವ ಮೀಸೆ.

ಮುತ್ಯಾನ ಎರಡೂ ಕೈ ಗಾಳ ಬಿಡಿಸುವುದಕ್ಕೇ ಬೇಕಾಗಿದ್ದವು. ಅಳಿಯ ಬಾಲ ಹಿಡಿದಿದ್ದ. ತಲೆ ಹಿಡಿಯಲು ಯಾರಾದರೂ ಬೇಕು.

"ಅತ್ತೀ, ಬರ್ರಿ, ಹಿಡೀರಿ!"

"ನಾನೇನಪಾ? ಕೊರಳಾಗ ಲಿಂಗ ಐತಿ."

"ಶಾಂತಾ ಬಗ್ಗೂ ಹಂಗಿಲ್ರಿ. ನೀವ ಹಿಡೀಬೇಕು. ಲಗೂ, ಅದಕ್ಕ ಉಸಿರಿಲ್ಲ!"

ಉಸಿರಿಲ್ಲ ಎಂದ ಮೇಲೆ ಏನು ವಿಚಾರ ಮಾಡುವುದು? ಲಿಂಗವನ್ನು ಸೆರಗಿನೊಳಗೆ ಸರಿಸಿ ಮೊಣಕಾಲೂರಿ ಅದರ ತಲೆ ಹಿಡಿದೆ. ಚೆನ್ನಾಗಿ ನಾದಿದ ಹಿಟ್ಟಿನ ಹಾಗಿತ್ತು. ಮುತ್ಯಾ ಗಾಳ ಬಿಡಿಸಿದ. ಅದು ಬಾಯಿ ತೆರೆಯಿತು. ಬಳ್ಳೊಳ್ಳಿಯ ವಾಸನೆ ಬಂತು. ನನ್ನ ಕೈಯ ಅಡುಗೆ ನನಗೆ ಗುರುತು ಸಿಗದೆ ಇರುತ್ತದೆಯೇ?

"ಅವ್ವಾ, ಇಲ್ಲಿ ಹಿಂಗ ತಿನ್ನಾಕ ಹಾಕೇ ಮೀನ ಗಾಳದ ಕಡೆ ಕರೀತಾರ," ಎಂದಳು ಶಾಂತಾ ಹಿಂದಿನಿಂದ. "ನೀ ಹೇಳಿದ್ರ ಮೊದಲ ಹೇಳತಿದ್ನೆಲ್ಲ."

ಪುಣ್ಯ ಕಟ್ಟಿಕೊಳ್ಳಲು ಹೋಗಿ ನಾನೇ ಅದನ್ನು ಊಟಕ್ಕೆ ಕರೆದು ಗಾಳದ ಹತ್ತಿರ ಕೂರಿಸಿದ್ದೆ. ಅವ್ವ ತಂಗಡಗಿಯಲ್ಲಿ ಎಷ್ಟು ಮೀನುಗಳನ್ನು ಹೀಗೆ ಅಂಬಿಗರ ಕೈಗೆ ಕೊಟ್ಟಳೋ, ಪಾಪ, ಗೊತ್ತಿಲ್ಲದೆಯೇ ಸತ್ತಳು.

ತೂಕ ಮಾಡಲು ಹೋದರೆ ತಕ್ಕಡಿಯ ಮುಳ್ಳು ಕೊನೆಗೆ ಹೋಗಿ ಬಡಿದು ಅಲ್ಲೇ ಸಿಕ್ಕಿಕೊಂಡಿತು. ಕ್ಯಾಮೆರಾ ಇರಲಿಲ್ಲ, ವರ್ಷಗಟ್ಟಲೆ ಹೊತ್ತು ತಂದು ಬೇಸತ್ತು ಈ ಸಲ ಮನೆಯಲ್ಲೇ ಬಿಟ್ಟಿದ್ದನಂತೆ. ಮುತ್ಯಾ ಹೆಚ್ಚು ಹೊತ್ತು ನೋಡಲಿಲ್ಲ. ನೀರಿಗೆ ಒಯ್ಯುವ ಮುಂಚೆ ನಾನು ಅದರ ಹಣೆಗೆ ಇಷ್ಟು ವಿಭೂತಿ ಹಚ್ಚಿದೆ. ಮನೆಯಿಂದ ಹೊರಡುವವರಿಗೆ ಹಚ್ಚಿ ಹಚ್ಚಿ ಕೈಗೆ ರೂಢಿಯಾಗಿದೆ.

ಅವನು ಸೊಂಟದತನಕ ನೀರಿಗಿಳಿದು, ಒಂದು ಕೈ ಅದರ ಗದ್ದದ ಕೆಳಗೆ, ಇನ್ನೊಂದು ಹೊಟ್ಟೆಯ ಕೆಳಗೆ ಕೊಟ್ಟು ಹಿಡಿದುಕೊಂಡು ನಿಂತ. ಬಿಟ್ಟರೆ ಅಡ್ಡ ಬೀಳುತ್ತದೆ, ಉಸಿರು ತಿರುಗುವತನಕ ಹೀಗೇ ಹಿಡಿಯಬೇಕಂತೆ. ಮೆಲ್ಲಗೆ ಹಿಂದೆ ಮುಂದೆ ತೂಗುತ್ತಿದ್ದ. ಹಸುಗೂಸಿಗೆ ನೀರು ಹಾಕುವಾಗ ನಾವು ತಲೆಗೆ ಕೈ ಕೊಡುತ್ತೇವಲ್ಲ, ಥೇಟ್ ಹಾಗೇ. ಮಕ್ಕಳನ್ನು ಕಾಣದ ಮನುಷ್ಯನಿಗೆ ಇದನ್ನು ಯಾರು ಕಲಿಸಿದರು?

"ಶಾಂತಾ, ಕೇಳು ಅವನಿಗೆ. ಮೀನ ಇಷ್ಟ ಜ್ವಾಕಿ ಮಾಡಾವ ಕೂಸಿನ ಯಾಕ ಹೊರಗ ಹಾಕತಿ ಅಂತ ಕೇಳು."

"ಅವ್ವಾ, ಸುಮ್ನಿರು. ಹಂಗೆಲ್ಲಾ ಕೇಳಬಾರದಿಲ್ಲೆ."

"ಹಂಗಾರ ನಾನ ಕೇಳತೇನಿ."

"ನಿನಗ ಇಂಗ್ಲಿಷ್ ಎಲ್ಲಿ ಬರತೈತಿ?"

ಹಡಗಿನಲ್ಲಿ ಮಕ್ಕಾ ಕೇಳಿದವರಿಗೆ ಇದೇನು ದೊಡ್ಡದು? ನೀರಿನ ಅಂಚಿಗೆ ಹೋಗಿ ನಿಂತೆ. ಅವನ ಕೈಯಲ್ಲಿದ್ದ ಮೀನು ತೋರಿಸಿದೆ. ನನ್ನ ಎರಡೂ ಕೈ ಕೂಡಿಸಿ ತೂಗಿದೆ. ಶಾಂತಾಳ ಹೊಟ್ಟೆ ತೋರಿಸಿದೆ. ಆಮೇಲೆ ಹೊರಗಿನ ರಸ್ತೆ ತೋರಿಸಿದೆ.

ಅವನು ನನ್ನನ್ನು ನೋಡಿದ. ಅಷ್ಟರಲ್ಲಿ ಮೀನಿಗೆ ಉಸಿರು ಬಂತು. ಬಾಲದಿಂದ ಅವನ ಮುಖಕ್ಕೆ ನೀರು ಬಡಿದು ಹೊರಟುಹೋಯಿತು. ಅದು ಹೋದ ಮೇಲೂ ಅವನು ಎರಡು ಕೈ ಹಾಗೇ ಹಿಡಿದುಕೊಂಡು ನೀರಿನಲ್ಲಿ ನಿಂತಿದ್ದ.

ಮನೆಗೆ ಬಂದು ಮೆಟ್ಟಿಲು ಹತ್ತುವಾಗ ಅಳಿಯ, "ಅತ್ತೀ, ಹೆರಿಗಿತನಕ ಇರಾಕ ಬಿಡತಿದ್ದ. ಈಗ ನಾಳೇನ ಮನಿ ಬಿಡಸ್ತಾನ," ಎಂದ. ಅವನ ಬೂಟಿನಿಂದ ಮೆಟ್ಟಿಲಿಗೊಂದು ಕೆರೆಯಾಗುತ್ತಿತ್ತು.

ಸಂಘದ ಅಟ್ಟ

ಮರುದಿನ ಮುತ್ಯಾ ಮೇಲೆ ಬಂದು ಕದ ತಟ್ಟಿದ. ಶಾಂತಾ ಗೋಡೆ ಹಿಡಿದುಕೊಂಡಳು. ಅವನು ಬಂದದ್ದು ಬೇರೆಯದಕ್ಕೆ: ಸಂಘದವರ ಮುಂದೆ ಆ ಮೀನಿನ ಸಾಕ್ಷಿ ಹೇಳಲು ನಾನು ಬರಬೇಕಂತೆ. ಬಸವರಾಜ ಬಂದರೆ ಬಾಡಿಗೆಯವನು, ಯಜಮಾನ ಹೇಳಿದಂತೆ ಹೇಳುತ್ತಾನೆ ಎನ್ನುತ್ತಾರಂತೆ.

ಸಂಘ ಕೂಡುವುದು ಒಂದು ಹೆಂಡದಂಗಡಿಯ ಅಟ್ಟದ ಮೇಲೆ. ಇದನ್ನು ಅಲ್ಲಿ ಹೋದ ಮೇಲೆ ಹೇಳಿದರು. ಸೆರಗಿನಿಂದ ಮೂಗು ಮುಚ್ಚಿಕೊಂಡು, ಮನಸ್ಸಿನಲ್ಲಿ ಮಂತ್ರ ಹೇಳಿಕೊಂಡು ಹತ್ತಿದೆ. ಗೊಳಸಂಗಿಯ ಯಾವ ಹೆಣ್ಣೂ ಆ ಮೆಟ್ಟಿಲು ಹತ್ತಿರಲಾರಳು. ನೋಡಲು ಊರವರೂ ಇರಲಿಲ್ಲವೆನ್ನುವುದು ದಯೆ.

ಒಳಗೆ ಗಂಡಸರು ಗ್ಲಾಸು ಹಿಡಿದು ಕುಳಿತಿದ್ದರು. ಗೋಡೆಯ ಮೇಲೆ ತಮ್ಮ ತಮ್ಮ ಮೀನುಗಳ ಚಿತ್ರ. ಹಿರಿಯನೊಬ್ಬ ಬಾಯಿಂದ ಚಿಲುಮೆ ತೆಗೆಯದೆ ಕೇಳಿದ, ಎಷ್ಟಿತ್ತು ಎಂದು.

ನಾನು ಎರಡೂ ಕೈ ಅಗಲಿಸಿ ತೋರಿಸಿದೆ. ಯಾರೋ ನಕ್ಕರು. ಆಗ ನನಗೆ ಅನುಮಾನ ಬಂತು. ಇಷ್ಟಿತ್ತೇ? ಕೊರಳಲ್ಲಿ ಲಿಂಗ ಇಟ್ಟುಕೊಂಡು ಗೇಣು ಹೆಚ್ಚು ಹೇಳಬಾರದು.

"ತಡೀರಿ," ಎಂದು ಎಡಗೈಯನ್ನು ಒಂದು ಗೇಣು ಒಳಗೆ ತಂದೆ. ಮತ್ತೆ ನೆನಪು ಮಾಡಿಕೊಂಡು ಇನ್ನೆರಡು ಬೆರಳು ಒಳಗೆ ತಂದೆ. "ಇಷ್ಟ. ಬಾಲ ಅಳಿಯನ ಕೈಯಾಗಿತ್ತು, ಪೂರಾ ನೋಡಿಲ್ಲ ಅಂತ ಹೇಳ ಶಾಂತಾ."

ಅವಳು ಹೇಳಿದಳು. ನಗೆ ನಿಂತಿತು. ಹಿರಿಯ ಚಿಲುಮೆ ತೆಗೆದ.

"ಏನಂತಾನ?" ಎಂದೆ.

"ಈ ಖೋಲ್ಯಾಗ ಮೀನ ಸಣ್ಣದಾಗಿದ್ದು ಇದ ಮೊದಲನೆ ಸಲ ಅಂತಾನ."

ಅವರು ಎದ್ದು ಒಬ್ಬೊಬ್ಬರೇ ಮುತ್ಯಾನ ಕೈ ಕುಲುಕಿದರು. ಮುತ್ಯಾ ಯಾರ ಮುಖವನ್ನೂ ನೋಡದೆ ಕಿಟಕಿಯ ಕಡೆ ನೋಡುತ್ತಿದ್ದ. ಕಿಟಕಿಯಲ್ಲಿ ಏನೂ ಇರಲಿಲ್ಲ.

ಕಾರಿನಲ್ಲಿ ಅವನು ಮುಂದೆ ನೋಡುತ್ತಲೇ ಶಾಂತಾಗೆ ಏನೋ ಹೇಳಿದ. ಅವಳು ತಡೆದು ತಡೆದು ಹೇಳಿದಳು. "ಅವ್ವಾ, ಮಾಳಗಿ ಖೋಲಿ ಚಳಿಗಾಲದಾಗ ಬಾಳ ತಂಡಿ ಅಂತ. ಕೂಸಿಗೆ ಛಲೋ ಅಲ್ಲಂತ."

ಬಂತು ನೋಡು ಎಂದುಕೊಂಡೆ. "ಅದಕ್ಕ?"

"ಅದಕ್ಕ ಅಂವ ಮ್ಯಾಲೆ ಹೋಗ್ತಾನಂತ. ನಾವು ಕೆಳಗ ಇರಬೇಕಂತ."

ಹೆಣ್ಣು ಕೂಸು ಹುಟ್ಟಿತು. ಗಂಟಲು ನಮ್ಮ ಮನೆತನದ್ದು, ಇಡೀ ಬೀದಿಗೆ ಕೇಳುವಂಥದು. ಮುತ್ಯಾ ಕಿವಿಗೆ ಅರಳೆ ಇಟ್ಟುಕೊಂಡ, ಬಾಯಿ ತೆರೆಯಲಿಲ್ಲ, ಎರಡೂ ದಯೆಯೇ. ನಾನು ಕಾಲ ಮೇಲೆ ಮಲಗಿಸಿಕೊಂಡು ಕೂಸಿಗೆ ನೀರು ಹಾಕುವಾಗ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ. ಒಂದು ದಿನ, "ಬಾ ಮುತ್ಯಾ, ತಲಿ ಹಿಡಿ," ಎಂದೆ. ಕನ್ನಡದಲ್ಲೇ ಎಂದೆ. ಬಂದು ಹಿಡಿದ. ಹೇಳಿಕೊಡಬೇಕಾಗಲಿಲ್ಲ.

ಮತ್ತೆ ಮುದ್ದೇಬಿಹಾಳ

ಊರಿಗೆ ಬಂದು ಟ್ರಂಕು ಇಳಿಸಿದಾಗ ಗಂಗವ್ವ ಮೊದಲು ಕೇಳಿದ್ದು, "ವಿಲಾಯತಿಯಾಗ ಏನೇನು ನೋಡಿದಿ?" ಎಂದು. ಮೀನು ಎಂದೆ. ಅವಳು ಬೇರೆ ಯಾರನ್ನಾದರೂ ಕೇಳೋಣವೆಂದು ಎದ್ದು ಹೋದಳು.

ಒರಳು ಮೂಲೆಯಲ್ಲಿ ಬೋರಲು ಬಿದ್ದಿತ್ತು. ತೊಳೆದು ಬಿಸಿಲಿಗಿಟ್ಟೆ. ಶೇಂಗಾ ಹುರಿದೆ. ನಮ್ಮನೆಯವರು ಊಟಕ್ಕೆ ಬಂದು ಎರಡು ಡಬ್ಬಿ ನೋಡಿದರು.

"ಇದು ಶಾಂತಾಗ. ಆ ಇನ್ನೊಂದು ಯಾರಿಗೆ?"

"ಮುತ್ಯಾನ ಕೆರಿಗೆ."

"ಆ ಮುದುಕ ಮತ್ತ ಗಾಳ ಹಾಕಾಂವೇನು?"

"ಹಾಕಾಂವ. ಬ್ಯಾಡಂದ್ರ ಕೇಳಂಗಿಲ್ಲ."

"ಮತ್ತ ನೀ ಯಾಕ ಕಳಸ್ತಿ?"

ಅವರ ತಾಟಿಗೆ ರೊಟ್ಟಿ ಹಾಕಿದೆ. ಆಮೇಲೆ ಮೊದಲು ಕೆರೆಯ ಪಾಲಿನದನ್ನು ಕುಟ್ಟಿ ತೆಗೆದಿಟ್ಟೆ. ಶೇಂಗಾ, ಬಳ್ಳೊಳ್ಳಿ, ಚೂರು ಉಪ್ಪು, ಅಷ್ಟೇ. ಖಾರ ಹಾಕಲಿಲ್ಲ. ಗಾಳ ಚುಚ್ಚಿದ ಬಾಯಿ ಅದು, ಉರಿಯಬಾರದು. ಅದನ್ನು ಮುಚ್ಚಿಟ್ಟು, ಮಗಳ ಪಾಲಿಗೆ ಒಣಮೆಣಸಿನಕಾಯಿ ಮುರಿಯುತ್ತ ಕುಳಿತೆ.